ಗೇಮ್ ‘ಕ್ಯಾಸೆಟ್’: ಫಲಕಕ್ಕೆ ಪದ ಬೇಕು, ಸೋಮವಾರ ಅಚ್ಚಿಗೆ

ಇಂದ: ವ.ಕೃ.

ನಮಸ್ಕಾರ. ಹಳೆಯ ಮನೆ ಕಂಪ್ಯೂಟರು ಮತ್ತು ವಿಡಿಯೊ ಗೇಮ್ ಯಂತ್ರಗಳ ಪ್ರದರ್ಶನಕ್ಕೆ ಕನ್ನಡ ಫಲಕಗಳು ತಯಾರಾಗುತ್ತಿವೆ. ಒಂದೇ ಗಾಜಿನ ಪೆಟ್ಟಿಗೆಯೊಳಗೆ ಎರಡು ಸಾಮಾನು ಅಕ್ಕಪಕ್ಕ ಕೂರುತ್ತವೆ.

ಎಡಕ್ಕೆ 1982ರ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ 48ಕೆ ಕಂಪ್ಯೂಟರು, ಜೊತೆಗೆ ಅದರ ಗೇಮು ತುಂಬಿದ ಆಡಿಯೊ ಕ್ಯಾಸೆಟ್. ಬಲಕ್ಕೆ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಗೇಮ್ ಯಂತ್ರದ ನಕಲು, ನಮ್ಮಲ್ಲಿ ಲಿಟ್ಲ್ ಮಾಸ್ಟರ್ ಹೆಸರಿನಲ್ಲಿ ಸಿಗುತ್ತಿದ್ದಂಥದು. ಜೊತೆಗೆ ನೆತ್ತಿಯ ಮೇಲೆ ಸಿಕ್ಕಿಸುವ 60 ಪಿನ್ನಿನ ಹಳದಿ ಗೇಮು. ಇಂಗ್ಲಿಷ್ ಮೂಲದಲ್ಲಿ ಮೊದಲನೆಯದು ಕ್ಯಾಸೆಟ್, ಎರಡನೆಯದು ಕಾರ್ಟ್ರಿಡ್ಜ್. ನಮ್ಮ ಮಾತಿನಲ್ಲಿ ಎರಡೂ ಕ್ಯಾಸೆಟ್ಟೇ. ನೋಡುವವರಿಗೆ ಎರಡರ ವ್ಯತ್ಯಾಸ ಹೆಸರಿನಲ್ಲೇ ಹೊಳೆಯಬೇಕು. ಒಂದೊಂದಕ್ಕೆ ಎರಡು ಪದಕ್ಕಿಂತ ಹೆಚ್ಚು ಜಾಗವಿಲ್ಲ. ಈಗಿನ ಕರಡು: ‘ಧ್ವನಿಸುರುಳಿ’, ‘ಕಾರ್ಟ್ರಿಡ್ಜ್’.

ಸಾಮಾನು ಮುಟ್ಟುವ ಸ್ವಯಂಸೇವಕರಿಗೆ ಒಂದು ಪುಟದ ಸೂಚನೆಯೂ ಇದೆ. ಈ ಸಾಲುಗಳನ್ನೂ ನೋಡಿಕೊಡಿ:

“ಕಾರ್ಟ್ರಿಡ್ಜ್‌ನ ಅಂಚಿನ ಸಂಪರ್ಕಕಗಳ ಮೇಲಿನ ತುಕ್ಕನ್ನು ಸ್ಪಿರಿಟ್‌ನಿಂದ ಸ್ವಚ್ಛಗೊಳಿಸಿರಿ. ಊದಕೂಡದು. ಕೆಂಪು ದೀಪ ಮಿಟುಕಿದಲ್ಲಿ ಮರುಸೇರಿಸಿರಿ.”

ವ.ಕೃ.

---

ಇಂದ: ತಿ.ಬಾ.

ದನಿಸುರುಳಿ. ಆಟದ ಬಿಲ್ಲೆ. ‘ಸಂಪರ್ಕಕ’ ಯಾರಿಗೂ ತಿಳಿಯದು, ತೆಗೆಯಿರಿ. ಮಹಾಪ್ರಾಣ ನಮ್ಮ ನಾಲಿಗೆಯಲ್ಲಿಲ್ಲ, ಪಲಕದಲ್ಲಿ ಏಕೆ ಬೇಕು?

ತಿ.ಬಾ.

---

ಇಂದ: ರಾ.ಮ.

> ಆಟದ ಬಿಲ್ಲೆ

ಆಗದು. ಬಿಲ್ಲೆ ಎಂದು ನೀವೇ ಕಂಪ್ಯೂಟರ್ ಚಿಪ್ಪಿಗೆ ಹೇಳುತ್ತೀರಿ. ಈ ಗೇಮಿನ ಪೆಟ್ಟಿಗೆಯೊಳಗೆ ಇರುವುದು ಒಂದು ಬಿಲ್ಲೆಯಲ್ಲ, ಒಂದು ಸರ್ಕ್ಯೂಟ್ ಹಲಗೆ. ಮೂಲ ಫ್ಯಾಮಿಕಾಮ್ ಗೇಮಿನಲ್ಲಿ ಕಡಿಮೆಯೆಂದರೂ ಎರಡು ಮೆಮೊರಿ ಇರುತ್ತವೆ: ಪ್ರೋಗ್ರಾಮಿಗೊಂದು, ಚಿತ್ರಗಳಿಗೊಂದು. ಸಣ್ಣ ಗೇಮಾದರೆ 32 ಕೆಬಿ ಮತ್ತು 8 ಕೆಬಿ. ಪ್ರೋಗ್ರಾಮಿನದು ಪ್ರೊಸೆಸರಿನ ಬಸ್ಸಿಗೆ (ಮಾಹಿತಿ ಸಾಗಿಸುವ ತಂತಿಗಳ ಕಟ್ಟಿಗೆ), ಚಿತ್ರದ್ದು ಚಿತ್ರ ಬಿಡಿಸುವ ಚಿಪ್ಪಿನ ಬಸ್ಸಿಗೆ ಬೇರೆಬೇರೆಯಾಗಿ ಸೇರುತ್ತವೆ. 60 ಪಿನ್ನು ಬೇಕಾಗುವುದೇ ಅದಕ್ಕೆ, ಒಂದೊಂದು ಬದಿಗೆ 30. ಅಗ್ಗದ ನಕಲುಗಳಲ್ಲಿ ಕಾಲುಗಳಿರುವ ಚಿಪ್ಪೇ ಕಾಣದು. ಸಿಲಿಕಾನ್ ತುಣುಕನ್ನು ನೇರ ಹಲಗೆಗೆ ಅಂಟಿಸಿ ಮೇಲೆ ಕಪ್ಪು ಎಪಾಕ್ಸಿ ಅಂಟು ಬಿಟ್ಟಿರುತ್ತಾರೆ. ಪೆಟ್ಟಿಗೆ ಬಿಚ್ಚಿ ತೋರಿಸುವುದಾದರೆ ಜನ ಬಿಲ್ಲೆಯನ್ನು ಹುಡುಕುತ್ತಾರೆ, ಸಿಗುವುದಿಲ್ಲ.

ಧ್ವನಿಸುರುಳಿಯ ಬಗ್ಗೆ ನನಗೂ ಅನುಮಾನವಿದೆ. ಅದು ಹಾಡಿನ ಕ್ಯಾಸೆಟ್ಟಿಗೆ ಪತ್ರಿಕೆಗಳು ರೂಢಿಗೆ ತಂದ ಪದ. ಸ್ಪೆಕ್ಟ್ರಮಿನ ಕ್ಯಾಸೆಟ್ಟನ್ನು ಯಾರೂ ಕೇಳುವುದಕ್ಕೆ ಇಟ್ಟಿಲ್ಲ.

ರಾ.ಮ.

---

ಇಂದ: ಶ್ರೀ.ವೆಂ.

> ಯಾರೂ ಕೇಳುವುದಕ್ಕೆ ಇಟ್ಟಿಲ್ಲ

ಕೇಳುವವರು ಮನುಷ್ಯರೇ ಆಗಬೇಕೆಂದು ಪದ ಹೇಳುವುದಿಲ್ಲ. ಸ್ಪೆಕ್ಟ್ರಮ್ ಕೇಳಿಸಿಕೊಳ್ಳುವುದು ಧ್ವನಿಯನ್ನೇ. ಸೊನ್ನೆಗೆ 855 ಟಿ-ಸ್ಟೇಟಿನ (ಟಿ-ಸ್ಟೇಟ್ ಎಂದರೆ ಪ್ರೊಸೆಸರಿನ ಗಡಿಯಾರದ ಒಂದು ಬಡಿತ) ಎರಡು ಮಿಡಿತ, ಒಂದಕ್ಕೆ 1710ರ ಎರಡು ಮಿಡಿತ. 3.5 ಮೆಗಾಹರ್ಟ್ಸ್ ಗಡಿಯಾರದಲ್ಲಿ ಲೆಕ್ಕ ಹಾಕಿದರೆ ಸೊನ್ನೆ ಸುಮಾರು 2 ಕಿಲೊಹರ್ಟ್ಸ್, ಒಂದು ಅದರ ಅರ್ಧ. ಮೊದಲು ಬರುವ ಐದು ಸೆಕೆಂಡಿನ ಒಂದೇ ಸಮನೆಯ ಕೂಗು 800 ಹರ್ಟ್ಸ್ ಆಸುಪಾಸು. ಇಷ್ಟೂ ಕಿವಿಗೆ ನಿಲುಕುವ ಸದ್ದು. ಧ್ವನಿಸುರುಳಿ ಸಾಧುಪದ, ಬದಲಿಸಬೇಡಿ.

ಎರಡನೆಯದಕ್ಕೆ ‘ಸ್ಮೃತಿಸಂಪುಟ’. ಸಂಪುಟ ಎಂದರೆ ಮುಚ್ಚಿದ ಭರಣಿ; ಒಳಗಿರುವುದು ಸ್ಮೃತಿ. ವಸ್ತುವಿನ ತತ್ತ್ವವೇ ಹೆಸರಾಗುತ್ತದೆ.

ಶ್ರೀ.ವೆಂ.

---

ಇಂದ: ತಿ.ಬಾ.

‘ಸ್ಮೃತಿಸಂಪುಟ’ ಎಂದರೆ ಸತ್ತವರ ನೆನಪಿನ ಹೊತ್ತಗೆ ಎಂದುಕೊಳ್ಳುತ್ತಾರೆ. ಬೇಡ.

---

ಇಂದ: ಪೊ.ಕಾ. (ಕೊಡಗು)

ಕಾರ್ಟ್ರಿಡ್ಜ್‌ಗೆ ಪದ ನಮ್ಮಲ್ಲಿ ಮೊದಲಿನಿಂದ ಇದೆ: ತೋಟಾ. ಇನ್ನೊಂದು, ಪೊಲೀಸರ ಪ್ರಕಟಣೆಗಳಲ್ಲಿ ಬರುವ ಕಾಡತೂಸು. ಇದು ಪೋರ್ಚುಗೀಸರ ‘ಕಾರ್ತೂಷು’. ಇಂಗ್ಲಿಷಿನ ಕಾರ್ಟ್ರಿಡ್ಜ್ ಫ್ರೆಂಚಿನ ‘ಕಾರ್ತೂಶ್’ನಿಂದ ಬಂದದ್ದು. ಎರಡಕ್ಕೂ ಹಿಂದೆ ಇಟಾಲಿಯನ್ನಿನ ‘ಕಾರ್ತೊಚ್ಚೊ’, ಅದರ ಬೇರು ಕಾಗದ ಎಂಬ ಅರ್ಥದ ‘ಕಾರ್ತಾ’. ಮದ್ದು ಮತ್ತು ಗುಂಡನ್ನು ಕಾಗದದಲ್ಲಿ ಸುತ್ತಿದ ಪೊಟ್ಟಣ. ಅಂದರೆ ಕಾರ್ಟ್ರಿಡ್ಜ್ ಪರಕೀಯ, ಕಾಡತೂಸು ನಮ್ಮದು ಎನ್ನುವ ವಾದವೇ ನಿಲ್ಲುವುದಿಲ್ಲ. ಎರಡೂ ಒಂದೇ ಬಳ್ಳಿಯ ಕಾಯಿ.

ಅರ್ಥವೂ ಚೆನ್ನಾಗಿ ಕೂರುತ್ತದೆ. ಕೇಪಿನ ಕೋವಿಗೆ ಪ್ರತಿ ಸಲವೂ ನಳಿಗೆಯ ಬಾಯಿಂದ ಮಸಿ (ಮದ್ದಿನ ಪುಡಿ), ಚರೆ ಹಾಕಿ ಗಜದ ಕೋಲಿನಿಂದ ಜಡಿಯಬೇಕು. ತೋಟಾ ಕೋವಿಗೆ ಎಲ್ಲವೂ ಮೊದಲೇ ಕಟ್ಟಿಟ್ಟದ್ದು, ಸಿಕ್ಕಿಸಿದರೆ ಸಾಕು. ಸ್ಪೆಕ್ಟ್ರಮ್ ಕೇಪಿನ ಕೋವಿ: ಪ್ರತಿ ಸಲ ಕ್ಯಾಸೆಟ್ಟಿನಿಂದ ನಾಲ್ಕೈದು ನಿಮಿಷ ಒಳಗಿನ ರ‍್ಯಾಮಿಗೆ ತುಂಬಬೇಕು, ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಹಳದಿ ಗೇಮು ತೋಟಾ: ಒಳಗಿನದು ಎಲ್ಲಿಗೂ ತುಂಬಿಕೊಳ್ಳಬೇಕಿಲ್ಲ, ಸಿಕ್ಕಿಸಿದ ಗಳಿಗೆಯಲ್ಲಿ ಪ್ರೊಸೆಸರು ಅದನ್ನೇ ನೇರ ಓದುತ್ತದೆ. ವ.ಕೃ. ಅವರು ಕೇಳಿದ ವ್ಯತ್ಯಾಸ ಇದೇ. ‘ಆಟದ ತೋಟಾ’ ಎಂದು ಬರೆಯಿರಿ.

ಪೊ.ಕಾ.

---

ಇಂದ: ಶ್ರೀ.ವೆಂ.

ಮಕ್ಕಳು ನೋಡುವ ಫಲಕಕ್ಕೆ ಮದ್ದಿನ ಪದ ಕೂಡದು. ಘಟ್ಟದ ಕೆಳಗೆ ತೋಟೆ ಎಂದರೆ ಹೊಳೆಗೆ ಹಾಕಿ ಮೀನು ಕೊಲ್ಲುವಂಥದ್ದು. ಬಯಲುಸೀಮೆಯವರು ತೋಟ ಎಂದು ಓದುತ್ತಾರೆ.

ಪೆಟ್ಟಿಗೆಯ ಅರ್ಥವೇ ಸಾಕೆಂದರೆ ‘ಕರಡಿಗೆ’ ಇದೆ. ಕ್ಯಾಸೆಟ್ ಎಂಬುದೂ ಫ್ರೆಂಚಿನಲ್ಲಿ ಪುಟ್ಟ ಪೆಟ್ಟಿಗೆಯೇ.

---

ಇಂದ: ತಿ.ಬಾ.

ಕರಡಿಗೆ ಕೊರಳಿನಲ್ಲಿ ಲಿಂಗವಿಡುವ ಪೆಟ್ಟಿಗೆ. ಅದನ್ನು ಅಲ್ಲಿಗೇ ಬಿಡಿ.

---

ಇಂದ: ರಾ.ಮ.

ಪೊ.ಕಾ. ಅವರ ಹೋಲಿಕೆ ತಾಂತ್ರಿಕವಾಗಿ ಪೂರ್ತಿ ಸರಿ. ವಿವರಣೆಯ ಸಾಲಿನಲ್ಲಿ ಬಳಸಿಕೊಳ್ಳಿ, ಹೆಸರಾಗಿ ಬೇಡ.

ಇಲ್ಲಿ ಎಲ್ಲರೂ ‘ಕಾರ್ಟ್ರಿಡ್ಜ್’ ಸರಿಯಾದ ಹೆಸರು, ‘ಕ್ಯಾಸೆಟ್’ ನಮ್ಮವರ ತಪ್ಪು ಎಂದು ಹಿಡಿದು ಹೊರಟಂತಿದೆ. ಅದು ಹಾಗಲ್ಲ. ಸಿಕ್ಕಿಸುವ ಡಬ್ಬಿಯ ಚಿಪ್ಪಿನೊಳಗೆ ಗೇಮು ಹಾಕಿ ಮಾರಿದ ಮೊದಲ ಯಂತ್ರ 1976ರ ಫೇರ್‌ಚೈಲ್ಡ್ ಚಾನೆಲ್ ಎಫ್, ಜೆರ‍್ರಿ ಲಾಸನ್ ತಂಡದ್ದು. ಅವರು ಅದನ್ನು ಕರೆದದ್ದು ‘ವಿಡಿಯೊಕಾರ್ಟ್’. ಕವಚ ಆಗಿನ 8 ಟ್ರ್ಯಾಕ್ ಟೇಪಿನ ಡಬ್ಬಿಯಂತೆ, ಬಣ್ಣ ಹಳದಿ. 1977ರ ಅಟಾರಿಯ ಪೆಟ್ಟಿಗೆಗಳ ಮೇಲೆ ‘ಗೇಮ್ ಪ್ರೋಗ್ರಾಂ’ ಎಂದಿದೆ. 1985ರಲ್ಲಿ ಅಮೆರಿಕಕ್ಕೆ ಬಂದ ನಿಂಟೆಂಡೊ ‘ಗೇಮ್ ಪ್ಯಾಕ್’ ಎಂದಿತು. ಆದರೆ 1983ರ ಜುಲೈ 15ಕ್ಕೆ ಜಪಾನಿನಲ್ಲಿ ಹೊರಬಂದ ಮೂಲ ಫ್ಯಾಮಿಕಾಮಿನ ಗೇಮನ್ನು ಜಪಾನೀಯರು ಕರೆಯುವುದು ‘ಕಸೆಟ್ಟೊ’. ಕ್ಯಾಸೆಟ್ ಎಂದೇ! ನಿಮ್ಮ ಗಾಜಿನ ಪೆಟ್ಟಿಗೆಯಲ್ಲಿರುವುದು ಆ ಯಂತ್ರದ ನಕಲು. ಅದರ ಹುಟ್ಟೂರಿನ ಹೆಸರೂ ನಮ್ಮ ಬೀದಿಯ ಹೆಸರೂ ಒಂದೇ ಆಗಿರುವಾಗ ಇಂಗ್ಲಿಷ್ ಮೂಲದ ಮುಂದೆ ನಾವು ತಲೆ ತಗ್ಗಿಸಬೇಕಿಲ್ಲ.

ಸ್ಮೃತಿ, ನೆನಪು ಸೇರಿಸಿ ಕಟ್ಟುವ ಯಾವ ಪದವೂ ಇಡೀ ಪ್ರದರ್ಶನಕ್ಕೆ ಹೊಂದದು ಎಂಬುದೂ ಗಮನದಲ್ಲಿರಲಿ. 1972ರ ಮ್ಯಾಗ್ನವಾಕ್ಸ್ ಒಡಿಸ್ಸಿ ಇದ್ದರೆ ಅದರ ಕಾರ್ಡುಗಳಲ್ಲಿ ಮೆಮೊರಿಯೇ ಇಲ್ಲ. ಯಂತ್ರದೊಳಗಿನ ತಂತಿಗಳನ್ನು ಬೇರೆಬೇರೆ ರೀತಿ ಜೋಡಿಸುವ ತಾಮ್ರದ ಗೆರೆಗಳಷ್ಟೆ.

ಈಗ ಸೂಚನೆಯ ಪುಟ. ಹೆಸರಿಗಿಂತ ಅದು ನನಗೆ ಮುಖ್ಯ, ಏಕೆಂದರೆ ತಪ್ಪಾದರೆ ಸಾಮಾನು ಹಾಳಾಗುತ್ತದೆ.

‘ತುಕ್ಕು’ ತಪ್ಪು. ತುಕ್ಕು ಕಬ್ಬಿಣಕ್ಕೆ. ಇಲ್ಲಿ ಚಿನ್ನದ ತೆಳುಲೇಪದ ಕೆಳಗಿರುವುದು ತಾಮ್ರ. ಲೇಪ ಸವೆದ ಕಡೆ ಹಸಿರಾಗುತ್ತದೆ. ಅದಕ್ಕೆ ಪದ ‘ಕಿಲುಬು’. ಹಿತ್ತಾಳೆ ತಪ್ಪಲೆ ಬೆಳಗಿದ ಯಾರಿಗಾದರೂ ಗೊತ್ತು. ಆದರೆ ಕಿಲುಬು ಎಂದ ಕೂಡಲೆ ಹುಣಸೆಹುಳಿಗೋ ಬ್ರಾಸೊಗೋ ಕೈ ಹೋಗುತ್ತದೆ, ಅವೆರಡನ್ನೂ ಹೆಸರಿಸಿ ಬೇಡವೆನ್ನಬೇಕು. ಹುಳಿ ತಾಮ್ರವನ್ನು ತಿನ್ನುತ್ತದೆ. ಬ್ರಾಸೊ ಪುಡಿ ಉಳಿಸುತ್ತದೆ, ಚಿನ್ನವನ್ನೂ ಉಜ್ಜಿ ತೆಗೆಯುತ್ತದೆ.

‘ಸ್ಪಿರಿಟ್’ ಅಪಾಯದ ಪದ. ಅಂಗಡಿಯಲ್ಲಿ ಸ್ಪಿರಿಟ್ ಎಂದು ಕೇಳಿದರೆ ಗಾಯ ಒರೆಸುವುದರಿಂದ ಹಿಡಿದು ಥಿನ್ನರಿನವರೆಗೆ ಏನಾದರೂ ಸಿಗಬಹುದು. ಥಿನ್ನರ್ ತಾಗಿದರೆ ಎಬಿಎಸ್ ಪ್ಲಾಸ್ಟಿಕ್ಕಿನ ಕವಚ ಕರಗಿ ಕಲೆಯಾಗುತ್ತದೆ. ‘ಐಸೊಪ್ರೊಪೈಲ್ ಆಲ್ಕೊಹಾಲ್, 99 ಶೇಕಡ’ ಎಂದು ಪೂರ್ತಿ ಬರೆಯಿರಿ. 70 ಶೇಕಡದ್ದರಲ್ಲಿ ಉಳಿದದ್ದು ನೀರು, ಆರಲು ಹೊತ್ತು ಹಿಡಿಯುತ್ತದೆ.

ಕೆಂಪು ದೀಪದ ಸಾಲನ್ನು ಹೊಡೆದುಹಾಕಿ. ಅದು ಅಮೆರಿಕದಲ್ಲಿ ಮಾರಿದ 72 ಪಿನ್ನಿನ ನಿಂಟೆಂಡೊ ಯಂತ್ರದ ಕಾಯಿಲೆ. ಅದರಲ್ಲಿ ಬೀಗದ ಚಿಪ್ಪೊಂದು ಗೇಮಿನೊಳಗಿನ ತನ್ನ ಜೋಡಿಯ ಜೊತೆ ಮಾತಾಡುತ್ತಿರುತ್ತದೆ. ಪಿನ್ನು ಸರಿಯಾಗಿ ತಾಗದೆ ಮಾತು ತಪ್ಪಿದರೆ ಸೆಕೆಂಡಿಗೊಮ್ಮೆ ಯಂತ್ರವನ್ನು ರೀಸೆಟ್ ಮಾಡುತ್ತದೆ, ದೀಪ ಮಿಟುಕುತ್ತದೆ. ಫ್ಯಾಮಿಕಾಮಿನಲ್ಲಾಗಲಿ ಅದರ ನಕಲಿನಲ್ಲಾಗಲಿ ಆ ಬೀಗ ಇಲ್ಲ. ಇಲ್ಲಿ ಪಿನ್ನು ತಾಗದಿದ್ದರೆ ಒಂದೇ ಬಣ್ಣದ ಪರದೆ ಅಥವಾ ಕಲಸಿಹೋದ ಚಿತ್ರ ಬರುತ್ತದೆ. ಮೂಲದಲ್ಲಿ ಇದೆಯೆಂದು ಅನುವಾದಿಸಿದರೆ ಸ್ವಯಂಸೇವಕರು ಎಂದೂ ಮಿಟುಕದ ದೀಪ ನೋಡುತ್ತ ನಿಲ್ಲುತ್ತಾರೆ.

ಹೀಗೆ ಬರೆಯಬಹುದು:

“ಮೊದಲು ಸ್ವಿಚ್ ಆರಿಸಿ, ಆಮೇಲೆ ಗೇಮ್ ಕೀಳಿ. ಹತ್ತಿಯ ಕಡ್ಡಿಯನ್ನು 99 ಶೇಕಡ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೇವ ಮಾಡಿ, ತೊಟ್ಟಿಕ್ಕಬಾರದು. ಚಿನ್ನದ ಬಣ್ಣದ ಪಟ್ಟಿಗಳನ್ನು ಒಳಗಿನಿಂದ ಅಂಚಿನ ಕಡೆಗೆ ಒರೆಸಿ, ಅಡ್ಡಡ್ಡ ಉಜ್ಜಬೇಡಿ. ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ ಹೊಸ ಕಡ್ಡಿ ತೆಗೆದುಕೊಳ್ಳಿ. ಐದು ನಿಮಿಷ ಆರಲಿ. ಬಾಯಿಂದ ಊದಬೇಡಿ: ಎಂಜಲಿನ ತೇವದಿಂದ ಕಿಲುಬು ಹಿಡಿಯುತ್ತದೆ. ಹುಣಸೆಹುಳಿ, ಬ್ರಾಸೊ, ಮರಳುಕಾಗದ ಬೇಡ.”

ಊದಿದ ಮೇಲೆ ಗೇಮು ಓಡುತ್ತದಲ್ಲ ಎಂದು ಯಾರಾದರೂ ವಾದಿಸುತ್ತಾರೆ. ಓಡುವುದು ಕಿತ್ತು ಮತ್ತೆ ಸಿಕ್ಕಿಸಿದ್ದರಿಂದ. ಆಗ ಪಿನ್ನುಗಳು ಉಜ್ಜಿಕೊಂಡು ಹೊಸ ಜಾಗದಲ್ಲಿ ತಾಗುತ್ತವೆ.

ರಾ.ಮ.

---

ಇಂದ: ವ.ಕೃ.

ಬಹಳ ಉಪಕಾರವಾಯಿತು, ರಾ.ಮ. ಅವರೇ. ಕಿಲುಬು ಹೊಳೆದಿರಲಿಲ್ಲ. ಸ್ಪೆಕ್ಟ್ರಮ್ ಕ್ಯಾಸೆಟ್ಟಿಗೂ ಇಂಥ ಒಂದು ಸಾಲು ಬೇಕಿತ್ತು. ದಿನಕ್ಕೆ ಎರಡು ಸಲ ಲೋಡ್ ಮಾಡಿ ತೋರಿಸುತ್ತಾರೆ.

---

ಇಂದ: ರಾ.ಮ.

“ಟೋನ್ ಜೋರು, ಡಾಲ್ಬಿ (ಸರಸರ ಸದ್ದು ತಗ್ಗಿಸುವ ಸ್ವಿಚ್) ಬಂದ್, ವಾಲ್ಯೂಮ್ ಮುಕ್ಕಾಲು.” ಪರದೆಯ ಅಂಚಿನಲ್ಲಿ ಕೆಂಪು-ತಿಳಿನೀಲಿ ಪಟ್ಟೆ ಬಂದರೆ ಕೂಗು ಕೇಳಿಸಿದೆ, ನೀಲಿ-ಹಳದಿ ಬಂದರೆ ಪ್ರೋಗ್ರಾಂ ಇಳಿಯುತ್ತಿದೆ. ಕೊನೆಯಲ್ಲಿ ‘ಆರ್ ಟೇಪ್ ಲೋಡಿಂಗ್ ಎರರ್’ ಬಂದರೆ ಮೊದಲು ವಾಲ್ಯೂಮ್ ಸ್ವಲ್ಪ ಏರಿಳಿಸಿ ನೋಡಬೇಕು. ಆಗಲೂ ಬಂದರೆ ಟೇಪನ್ನು ಓದುವ ಹೆಡ್ಡಿನ ಓರೆ ತಿದ್ದಬೇಕು: ಹೆಡ್ಡಿನ ಪಕ್ಕ ಸ್ಪ್ರಿಂಗಿರುವ ಸಣ್ಣ ಸ್ಕ್ರೂ, ಸದ್ದು ಅತಿ ಚೂಪಾಗಿ ಕೇಳುವ ಕಡೆ ನಿಲ್ಲಿಸುವುದು. ಓರೆ ತಪ್ಪಿದರೆ ಚೂಪು ಸದ್ದು ಮೊದಲು ಮಂಕಾಗುತ್ತದೆ, ಮಿಡಿತದ ಅಂಚು ಮಸುಕಾಗಿ ಸೊನ್ನೆ-ಒಂದರ ಅಳತೆ ತಪ್ಪುತ್ತದೆ. ಹೌದು ಶ್ರೀ.ವೆಂ. ಅವರೇ, ಅದು ಧ್ವನಿಯೇ. ಒಪ್ಪಿದೆ.

---

ಇಂದ: ತಿ.ಬಾ.

ಹಾಗಾದರೆ ಕೊನೆಗೆ ‘ಕ್ಯಾಸೆಟ್’ ಎಂದು ಇಂಗ್ಲಿಶನ್ನೇ ಬರೆಯುತ್ತೀರಿ. ಪದ ಕಟ್ಟುವ ಕಸುವು ಕನ್ನಡಕ್ಕೆ ಇಲ್ಲವೆಂದು ಪಲಕ ಹಾಕಿದಂತೆ.

---

ಇಂದ: ಪೊ.ಕಾ.

ಚಾವಿ, ಅಲಮಾರು, ಇಸ್ತ್ರಿ, ಮೇಸ್ತ್ರಿ ಎಲ್ಲವೂ ಪೋರ್ಚುಗೀಸಿನವು. ಮೇಜು ಪಾರಸಿಯದು. ಅವನ್ನು ಬಿಟ್ಟು ಮನೆ ನಡೆಸಿ ತೋರಿಸಿ.

---

ಇಂದ: ತಿ.ಬಾ.

ಅವು ನಮ್ಮ ಅಚ್ಚಿಗೆ ಇಳಿದಿವೆ. ಕೊನೆಯಲ್ಲಿ ಸ್ವರ ಬಂದಿದೆ, ವಿಬಕ್ತಿ ಅಂಟುತ್ತದೆ. ‘ಕಾರ್ಟ್ರಿಡ್ಜ್’ ಇಳಿಯುವುದಿಲ್ಲ, ಒತ್ತಿನ ಮೇಲೆ ಒತ್ತು. ‘ಕ್ಯಾಸೆಟ್ಟು’ ಆದೀತು, ಜನ ಅದನ್ನು ಹಾಗೇ ಆಡುತ್ತಾರೆ: ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನ. ಬರಿಯ ‘ಕ್ಯಾಸೆಟ್’ ಆಗದು.

---

ಇಂದ: ಶ್ರೀ.ವೆಂ.

ಫಲಕಕ್ಕೆ ಉಕಾರ ಅಗತ್ಯವಿಲ್ಲ. ಶೀರ್ಷಿಕೆಯಲ್ಲಿ ಪ್ರಕೃತಿರೂಪ ಸಾಕು.

---

ಇಂದ: ವ.ಕೃ.

ಸಮಯವಿಲ್ಲದ ಕಾರಣ ಹೀಗೆ ಕಳಿಸುತ್ತಿದ್ದೇನೆ. ತಪ್ಪಿದ್ದರೆ ಇಂದು ರಾತ್ರಿಯೊಳಗೆ ಹೇಳಿ.

ಎಡಕ್ಕೆ: ಸುರುಳಿ ಕ್ಯಾಸೆಟ್ಟು. “ಒಳಗೆ ಟೇಪಿನ ಸುರುಳಿ. ಸದ್ದಿನ ರೂಪದಲ್ಲಿರುವ ಗೇಮನ್ನು ಪ್ರತಿ ಸಲ ಕಂಪ್ಯೂಟರಿಗೆ ಕೇಳಿಸಬೇಕು.”

ಬಲಕ್ಕೆ: ಗೇಮ್ ಕ್ಯಾಸೆಟ್ಟು. “ಹೆಸರು ಕ್ಯಾಸೆಟ್ಟಾದರೂ ಒಳಗೆ ಸುರುಳಿಯಿಲ್ಲ, ಚಿಪ್ಪುಗಳಿರುವ ಹಲಗೆ. ಸಿಕ್ಕಿಸಿದ ಕೂಡಲೆ ಆಟ.”

ವ.ಕೃ.

---

ಇಂದ: ಪೊ.ಕಾ.

ಚಿಪ್ಪು ಎಂದರೆ ತೆಂಗಿನಕಾಯಿಯದು, ಆಮೆಯದು. ಇಲ್ಲಿ ‘ಚಿಪ್‌ಗಳಿರುವ’ ಎಂದು ತಿದ್ದಿ. ಉಳಿದದ್ದಕ್ಕೆ ಒಪ್ಪಿಗೆ.

---

ಇಂದ: ತಿ.ಬಾ.

ಬಿಲ್ಲೆಗಳಿರುವ ಹಲಗೆ. ಇಲ್ಲಾದರೂ ಬರೆಯಿರಿ.

---

ಇಂದ: ರಾ.ಮ.

ಇಲ್ಲಿ ಬಿಲ್ಲೆ ಸರಿ. ಬರೆಯಬಹುದು.