ಸಹಾಯ ಬೇಕು: ಗೇಟ್‌ವೇ ಪ್ಲಗಿನ್ ಸಂರಚನೆಯ ತಪಾಸಣೆಯನ್ನು ಎಲ್ಲಿ ಇಡಬೇಕು?

ಎಲ್ಲರಿಗೂ ನಮಸ್ಕಾರ. ಅಲಿಬಾಬಾ ಕ್ಲೌಡ್‌ನ ಎಪಿಐ ಗೇಟ್‌ವೇಗೆ ಬೇಕಾದ ಕಾರ್ಸ್ ಪ್ಲಗಿನ್ (ಯಾವ ಬೇರೆ ಡೊಮೈನ್‌ಗಳ ಪುಟಗಳು ಬ್ರೌಸರ್‌ನಿಂದ ಎಪಿಐ ಬಳಸಬಹುದೆಂದು ಹೇಳುವಂಥದ್ದು) ಒಂದನ್ನು, ಕ್ಲೌಡ್ ಸಂಪನ್ಮೂಲಗಳನ್ನು ಕೋಡ್ ಮೂಲಕ ಸೃಷ್ಟಿಸುವ ಸಾಧನವಾದ ಪುಲುಮಿಯಲ್ಲಿ, ಟೈಪ್‌ಸ್ಕ್ರಿಪ್ಟ್ ಬಳಸಿ ಬರೆಯುತ್ತಿದ್ದೇನೆ. ಇಡೀ ಸಂರಚನೆ ಅಡಗಿರುವ ‘ಪ್ಲಗಿನ್‌ಡೇಟಾ’ ಬರೀ ಸ್ಟ್ರಿಂಗ್ ಆಗಿರುವುದರಿಂದ, ಅದರೊಳಗಿನ ಜೇಸನ್‌ನಲ್ಲಿ ‘ಮ್ಯಾಕ್ಸ್‌ಏಜ್’ ಎಂಬುದರ ಒಂದಕ್ಷರ ತಪ್ಪಿದರೂ ಕಂಪೈಲರ್ ತುಟಿ ಪಿಟಕ್ಕೆನ್ನುವುದಿಲ್ಲ. ಇಂಥ ತಪ್ಪು ಹಿಡಿಯಲೆಂದೇ ಟೈಪ್ ಇರುವ ಭಾಷೆಯನ್ನು ಆರಿಸಿಕೊಂಡಿದ್ದೆ ಎಂಬುದು ಬೇರೆ ಮಾತು.

ಅನುಮತಿಸಬೇಕಾದ ಡೊಮೈನ್ ಮತ್ತೊಂದು ಸಂಪನ್ಮೂಲದ ಔಟ್‌ಪುಟ್ ಆಗಿ, ಅಂದರೆ ಆ ಸಂಪನ್ಮೂಲ ಸೃಷ್ಟಿಯಾದ ಮೇಲಷ್ಟೇ ತಿಳಿಯುವ ಮೌಲ್ಯವಾಗಿ, ಬರುತ್ತದೆ. ಅದನ್ನು ಟೈಪ್‌ಸ್ಕ್ರಿಪ್ಟ್‌ನ ಸಾಮಾನ್ಯ ‘ಜೇಸನ್.ಸ್ಟ್ರಿಂಗಿಫೈ’ಗೆ ನೇರವಾಗಿ ಕೊಟ್ಟಾಗ, ‘ಅಲೋಆರಿಜಿನ್ಸ್’ ಎದುರು ಡೊಮೈನ್‌ನ ಬದಲು, ಔಟ್‌ಪುಟ್ ಮೇಲೆ ‘ಟುಜೇಸನ್’ ಕರೆಯುವಂತಿಲ್ಲ ಎಂಬ ಎಚ್ಚರಿಕೆಯ ವಾಕ್ಯವೇ ಬಂದು ಕುಳಿತಿತ್ತು. ಪುಲುಮಿಯದೇ ಆದ ‘ಜೇಸನ್‌ಸ್ಟ್ರಿಂಗಿಫೈ’ ಬಳಸಿದ ಮೇಲೆ ಅದು ಸರಿಹೋಯಿತು. ಅನಂತರ ನನ್ನದೇ ಒಂದು ಇಂಟರ್‌ಫೇಸ್ ಬರೆದು, ಪ್ರತಿ ಕೀಲಿಗೂ ‘ಇನ್‌ಪುಟ್’ ಟೈಪ್ (ಸಾಮಾನ್ಯ ಮೌಲ್ಯ, ಔಟ್‌ಪುಟ್ ಎರಡನ್ನೂ ಒಪ್ಪುವಂಥದ್ದು) ಕೊಟ್ಟೆ; ಕೀಲಿಯ ಹೆಸರಿನ ತಪ್ಪುಗಳು ಈಗ ಸಿಕ್ಕಿಬೀಳುತ್ತಿವೆ.

ಸಿಕ್ಕಿಕೊಂಡಿರುವುದು ಮೌಲ್ಯಗಳ ವಿಷಯದಲ್ಲಿ. ‘ಅಲೋಕ್ರೆಡೆನ್ಶಿಯಲ್ಸ್’ (ಕುಕಿಯಂಥ ಗುರುತಿನ ಮಾಹಿತಿಗೆ ಅನುಮತಿ) ‘ಟ್ರೂ’ ಆಗಿದ್ದು, ಅನುಮತಿಸಿದ ಆರಿಜಿನ್ ಯಾರಾದರೂ ಸರಿ ಎನ್ನುವ ನಕ್ಷತ್ರಚಿಹ್ನೆಯಾಗಿದ್ದರೆ ಬ್ರೌಸರ್ ಉತ್ತರವನ್ನು ತಿರಸ್ಕರಿಸುತ್ತದೆ. ಆದ್ದರಿಂದ ಅಂಥ ಜೋಡಿಯನ್ನು ತಡೆಯುವ ತಪಾಸಣೆಯನ್ನು, ಔಟ್‌ಪುಟ್‌ನ ಮೌಲ್ಯ ತಿಳಿದ ಮೇಲೆ ಓಡುವ ಫಂಕ್ಷನ್ ಕೊಡಲು ಇರುವ ‘ಅಪ್ಲೈ’ ಒಳಗೆ ಬರೆದಿದ್ದೇನೆ. ಆದರೆ ಮೊದಲ ಸಲದ ಪ್ರಿವ್ಯೂನಲ್ಲಿ (ಏನೇನು ಬದಲಾಗಲಿದೆ ಎಂದು ಮೊದಲೇ ತೋರಿಸುವ ಹಂತ) ಡೊಮೈನ್ ಇನ್ನೂ ತಿಳಿದಿರುವುದಿಲ್ಲವಾದ್ದರಿಂದ ಆ ಫಂಕ್ಷನ್ ಓಡುವುದೇ ಇಲ್ಲ. ಪ್ರಿವ್ಯೂ ಸಲೀಸಾಗಿ ದಾಟಿ, ಅರ್ಧ ಸಂಪನ್ಮೂಲಗಳು ಸೃಷ್ಟಿಯಾದ ಮೇಲೆ, ಬದಲಾವಣೆಗಳನ್ನು ನಿಜಕ್ಕೂ ಜಾರಿಗೆ ತರುವ ‘ಅಪ್’ ಆದೇಶ ಮುಗ್ಗರಿಸುತ್ತದೆ.

ಬಲ್ಲವರಲ್ಲಿ ನನ್ನ ಪ್ರಶ್ನೆ ಇಷ್ಟು: ಡೊಮೈನ್ ಅನ್ನು ಔಟ್‌ಪುಟ್‌ನಿಂದ ಪಡೆಯುವುದನ್ನು ಬಿಟ್ಟು ಸ್ಟ್ಯಾಕ್‌ನ ಕಾನ್ಫಿಗ್‌ನಲ್ಲೇ (ಪುಲುಮಿ ಯೋಜನೆಗೆ ಮೊದಲೇ ಬರೆದಿಡುವ ಸೆಟ್ಟಿಂಗ್‌ಗಳಲ್ಲಿ) ಸಾಮಾನ್ಯ ಸ್ಟ್ರಿಂಗ್ ಆಗಿ ಇಟ್ಟು ಮೊದಲೇ ತಪಾಸಿಸುವುದು ಸರಿಯೇ, ಅಥವಾ ಔಟ್‌ಪುಟ್ ಉಳಿಸಿಕೊಂಡೇ ಪ್ರಿವ್ಯೂ ಹಂತದಲ್ಲಿ ಈ ತಪ್ಪನ್ನು ಹಿಡಿಯುವ ದಾರಿ ಇದೆಯೇ?