ಅಪ್‌ಡೇಟ್: ಮುಂಗಡ ಕೇಳುವುದನ್ನು ಕಲಿತೆ

ಬಾಗಲಕೋಟೆಯಲ್ಲಿ ಮನೆಯಿಂದಲೇ ಡಿಸೈನ್ ಕೆಲಸ ಮಾಡುವ ನಾನು, ಮಾಡಿಕೊಟ್ಟ ಕೆಲಸದ ಹಣ ವಸೂಲು ಮಾಡುವುದು ಹೇಗೆಂದು ಹಿಂದೆ ಕೇಳಿದ್ದೆ. ನಿಮ್ಮ ಸಲಹೆಯಂತೆ ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಕೊಂಡೆ. ಅದಕ್ಕೆ ಶುಲ್ಕವೇ ಇಲ್ಲ (ಸೈಬರ್ ಅಂಗಡಿಯವರು 500 ರೂಪಾಯಿ ಕೇಳಿದ್ದು ಬೇರೆ ಮಾತು). 2006ರ ಎಂಎಸ್ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರಿ ತಡೆಯುವಂತಿಲ್ಲ ಎಂಬುದನ್ನು ಈಗ ಪ್ರತಿ ಬಿಲ್ಲಿನ ಅಡಿಯಲ್ಲಿ ಬರೆಯುತ್ತೇನೆ. ಆದರೆ ನಿಜವಾಗಿ ಫಲ ಕೊಟ್ಟದ್ದು ಮುಂಗಡ. ಮೊನ್ನೆ ಇಳಕಲ್ ಸೀರೆಯ ವ್ಯಾಪಾರಿಯೊಬ್ಬರಿಗೆ, ಟೋಪ್ ತೆನಿ ಎಂಬ ವಿನ್ಯಾಸದ ಸೆರಗಿನ ಚಿತ್ರವಿರುವ ಕ್ಯಾಟಲಾಗಿಗೆ ಕೊಟೇಶನ್ ಬರೆದುಕೊಟ್ಟು, ಅರ್ಧ ಹಣ ಮೊದಲು, ತಿದ್ದುಪಡಿ ಎರಡೇ ಸಲ ಎಂದಾಗ, ಅವರು "ಮೂರನೇದಕ್ಕ ಎಷ್ಟ ತಂಗಿ?" ಎಂದು ನಕ್ಕು ಅಲ್ಲೇ ಫೋನ್‌ಪೇ ಮಾಡಿದರು. ಹಳೆಯ ಬಾಕಿ ಮಾತ್ರ ಇನ್ನೂ ಬಂದಿಲ್ಲ.