ಪದಚರ್ಚೆ: ಫ್ಲೇವನಾಯ್ಡ್‌ಗೆ ‘ಚೊಗರು’ ಅನ್ನಬಹುದೇ? ಜೊತೆಗೆ ‘ಇಳಿಯಬಹುದು’, ‘ಇಳಿದೀತು’ ಬಗ್ಗೆ

ಎಲ್ಲರಿಗೂ ನಮಸ್ಕಾರ.

ನಮ್ಮದು ಸಾಗರದ ಹತ್ತಿರದ ಹಳ್ಳಿ. ಊರಿನ ಮಹಿಳಾ ಸಂಘದವರು ಬಿಪಿ, ಸಕ್ಕರೆ ತಪಾಸಣೆಯ ದಿನ ಹಂಚಲು ಎರಡು ಪುಟದ ಕರಪತ್ರ ಮಾಡುತ್ತಿದ್ದಾರೆ. ಇಂಗ್ಲಿಷಿನಲ್ಲಿರುವುದನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂತು. ವಿಷಯ ಕ್ವೆರ್ಸೆಟಿನ್. ಈರುಳ್ಳಿ, ಸೇಬಿನ ಸಿಪ್ಪೆ, ಚಹಾ, ಪೇರಲೆ ಎಲೆ ಇವುಗಳಲ್ಲೆಲ್ಲ ಇರುವ ಒಂದು ಫ್ಲೇವನಾಯ್ಡ್, ಅಂದರೆ ಗಿಡಗಳಲ್ಲಿ ತಾನಾಗಿ ಇರುವ ಒಂದು ಬಗೆಯ ರಾಸಾಯನಿಕ ಅಂಶ. ಅದರಿಂದ ಹೃದಯಕ್ಕೆ ಏನಾದರೂ ಉಪಯೋಗ ಇದೆಯೇ ಎನ್ನುವುದು ಆ ಬರಹದ ಮಾತು. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ಹೆಸರಿನದು, ಇನ್ನೊಂದು ಕ್ರಿಯಾಪದದ್ದು. ಎರಡನೆಯದೇ ನನಗೆ ಜಾಸ್ತಿ ಕಾಡುತ್ತಿರುವುದು.

ಮೊದಲು ಹೆಸರು. ಫ್ಲೇವನಾಯ್ಡ್ ಅಂತ ಹಾಗೇ ಬರೆದೆ. ಓದಿದ ಮೂವರಲ್ಲಿ ಇಬ್ಬರು ಅದನ್ನು ಫ್ಲೇವರ್ ಅಂದುಕೊಂಡರು, ಐಸ್‌ಕ್ರೀಮಿಗೆ ಹಾಕುತ್ತಾರಲ್ಲ, ಅದು. ನಿಜಕ್ಕೂ ಈ ಹೆಸರಿಗೂ ರುಚಿಗೂ ಸಂಬಂಧವಿಲ್ಲ. ಲ್ಯಾಟಿನ್ನಿನ ‘ಫ್ಲಾವಸ್’, ಅಂದರೆ ಹಳದಿ, ಅದರಿಂದ ಬಂದದ್ದು. ಕ್ವೆರ್ಸೆಟಿನ್ ಕೂಡ ಹಳದಿ ಪುಡಿಯೇ. ಓಕ್ ಮರಕ್ಕೆ ಲ್ಯಾಟಿನ್ನಿನಲ್ಲಿ ‘ಕ್ವೆರ್ಕಸ್’ ಅನ್ನುತ್ತಾರೆ, ಅದರ ತೊಗಟೆಯಿಂದ ಹಿಂದೆ ಬಟ್ಟೆಗೆ ಹಳದಿ ಬಣ್ಣ ತೆಗೆಯುತ್ತಿದ್ದರು. ಹಾಗಂತ ‘ಹಳದಿ ವರ್ಣದ್ರವ್ಯ’ ಎಂದು ಬರೆದರೆ ಸರಿಹೋಗುವುದಿಲ್ಲ. ಮುರುಗಲು ಹಣ್ಣಿನ ಸಿಪ್ಪೆಯ ಕಡುಗೆಂಪು, ನೇರಳೆ ಹಣ್ಣು ತಿಂದಾಗ ನಾಲಿಗೆಗೆ ಹತ್ತುವ ನೀಲಿ, ಇವೂ ಇದೇ ಬಳಗದವು. ಕೆಂಪು, ನೀಲಿಯನ್ನೆಲ್ಲ ಹಳದಿ ಅನ್ನಲು ಬರುತ್ತದೆಯೇ?

ಆಗ ನನ್ನ ತಲೆಗೆ ಬಂದದ್ದು ‘ಚೊಗರು’. ಮಲೆನಾಡಿನವರಿಗೆ ಈ ಪದ ಹೇಳಿಕೊಡಬೇಕಿಲ್ಲ. ಬಯಲುಸೀಮೆಯವರಿಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಡಿಕೆ ಕೊಯ್ಲಿನ ಸಮಯದಲ್ಲಿ ಹಸಿ ಅಡಿಕೆ ಸುಲಿದು ದೊಡ್ಡ ಹಂಡೆಯಲ್ಲಿ ಬೇಯಿಸುತ್ತೇವೆ. ಮೊದಲ ಒಬ್ಬೆ, ಅಂದರೆ ಒಂದು ಸಲಕ್ಕೆ ಬೇಯುವಷ್ಟು ಅಡಿಕೆ, ತೆಗೆದ ನೀರು ಕಂದು ಬಣ್ಣ. ಅದೇ ನೀರಿಗೆ ಮತ್ತೊಂದು ಒಬ್ಬೆ, ಮತ್ತೊಂದು. ಬೆಂದಷ್ಟೂ ನೀರು ಕೆಂಪಾಗುತ್ತದೆ, ದಪ್ಪವಾಗುತ್ತದೆ. ಕೊನೆಗೆ ಸೌಟಿನಿಂದ ಎತ್ತಿ ಬಿಟ್ಟರೆ ಬೆಲ್ಲದ ಪಾಕದ ಹಾಗೆ ಎಳೆಯಾಗಿ ಬೀಳುತ್ತದೆ. ಅದೇ ಚೊಗರು. ಅದನ್ನು ತೆಗೆದಿಟ್ಟು ಮುಂದಿನ ವರ್ಷದ ಅಡಿಕೆಗೆ ಬಣ್ಣ ಕೂರಲು ಹಾಕುವವರಿದ್ದಾರೆ. ಹೆಗ್ಗೋಡಿನ ಚರಕ ಸಂಸ್ಥೆಯವರು ಇದೇ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಇನ್ನು ಸುಲಿಯುವವರ ಕೈ ನೋಡಬೇಕು. ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರ ತನಕ ಕೂತ ಹೆಂಗಸರ ಬೆರಳೆಲ್ಲ ಕಪ್ಪು. ರಸ ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ, ಅದೇ ಕಪ್ಪು ಉಗುರಿನ ಸಂದಿಗೆ ಇಳಿಯುತ್ತದೆ. ಸೋಪಿಗೆ ಬಗ್ಗುವುದಿಲ್ಲ. ಹುಣಸೆಹುಳಿಯಲ್ಲಿ ತಿಕ್ಕಿದರೆ ಒಂದಿಷ್ಟು ಹೋಗುತ್ತದೆ, ಉಳಿದದ್ದು ಕೊಯ್ಲು ಮುಗಿಯುವ ತನಕ ಇರುತ್ತದೆ.

ಈ ಚೊಗರಿನಲ್ಲಿ ಇರುವುದು ಬಹುಪಾಲು ಕ್ಯಾಟೆಚಿನ್ ಮತ್ತು ಅದೇ ಕೊಂಡಿ ಕೊಂಡಿಯಾಗಿ ಸೇರಿ ಆದ ಟ್ಯಾನಿನ್ ಎಂಬ ಒಗರಿನ ಅಂಶ. ಕ್ಯಾಟೆಚಿನ್ ಒಂದು ಫ್ಲೇವನಾಯ್ಡ್. ಚಹಾದಲ್ಲಿರುವುದೂ ಇದೇ ಬಳಗ. ಹಾಗಾಗಿ ಪದ ಅರ್ಥದಲ್ಲೂ ಹತ್ತಿರ, ಕಣ್ಣಿಗೂ ಹತ್ತಿರ ಅನ್ನಿಸಿತು. ಅದೂ ಅಲ್ಲದೆ ನಾವು ಈ ಪದವನ್ನು ಅಡಿಕೆಗೆ ಮಾತ್ರ ಕಟ್ಟಿಹಾಕಿಲ್ಲ. ಬಾಳೆಕಾಯಿ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುವಾಗ ‘ಚೊಗರು ಬಿಡಲಿ’ ಅನ್ನುತ್ತೇವೆ. ಚೊಗರು ಬಣ್ಣವೂ ಹೌದು, ಒಗರು ರುಚಿಯೂ ಹೌದು. ತಮಿಳಿನ ‘ತುವರ್’ ಪದಕ್ಕೂ ಹೀಗೇ ಎರಡು ಅರ್ಥ, ಒಗರು ಮತ್ತು ಕೆಂಪು. ಸಂಸ್ಕೃತದ ‘ಕಷಾಯ’ ಇನ್ನೂ ಒಂದು ಹೆಜ್ಜೆ ಮುಂದೆ. ಒಗರು ರುಚಿ, ಕಂದುಗೆಂಪು ಬಣ್ಣ, ಕುದಿಸಿ ಇಳಿಸಿದ ರಸ, ಮೂರಕ್ಕೂ ಅದೊಂದೇ ಪದ. ಬಣ್ಣ, ರುಚಿ, ರಸ ಒಂದೇ ಕಡೆಯಿಂದ ಬರುತ್ತವೆ ಎನ್ನುವುದು ಹಂಡೆಯ ಮುಂದೆ ಕೂತವರಿಗೆ ಎಂದೋ ಗೊತ್ತಿತ್ತು. ಇದನ್ನು ಯೋಚಿಸಿದ ದಿನ ನನಗೆ ಬಹಳ ಖುಷಿಯಾಗಿತ್ತು. ‘ಗಿಡದ ಚೊಗರು’ ಅಂತ ಬರೆದೇಬಿಟ್ಟೆ.

ಕರಡನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರಿಗೆ ಎಪ್ಪತ್ತು ದಾಟಿದೆ, ಹತ್ತು ವರ್ಷದಿಂದ ಬಿಪಿ ಮಾತ್ರೆ ತಗೊಳ್ಳುತ್ತಾರೆ. ಅಕ್ಕಿ ಆರಿಸುತ್ತಾ ಕೇಳಿಸಿಕೊಂಡರು. ‘ಗಿಡದ ಚೊಗರು ಹೃದಯಕ್ಕೆ ಒಳ್ಳೆಯದು’ ಎನ್ನುವ ಸಾಲಿಗೆ ಕೈ ನಿಂತಿತು.

“ಹಂಗಾರೆ ಅಡಿಕೆ ಹಾಕಿದ್ರೆ ಹಾರ್ಟಿಗೆ ಒಳ್ಳೇದು ಅಂತಾಯ್ತಲ್ಲೇ? ನಿನ್ನ ದೊಡ್ಡಪ್ಪಂಗೆ ಇದನ್ನ ಮಾತ್ರ ಓದಿ ಹೇಳ್ಬೇಡ ಮಾರಾಯ್ತಿ.”

ಎದೆ ಧಸಕ್ಕೆಂದಿತು. ದೊಡ್ಡಪ್ಪನ ಬಾಯಲ್ಲಿ ಕವಳ (ಎಲೆ ಅಡಿಕೆ) ಇಲ್ಲದ ಹೊತ್ತನ್ನು ನಾನು ನೋಡಿಯೇ ಇಲ್ಲ. ಅಡಿಕೆಯಲ್ಲಿ ಕ್ಯಾಟೆಚಿನ್ ಇದೆ, ನಿಜ. ಅದರ ಜೊತೆಗೇ ಅರೆಕೊಲಿನ್ ಎಂಬ ಉತ್ತೇಜಕ ಅಂಶವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ತಂಬಾಕು ಸೇರಿಸದೆ ತಿಂದರೂ. ಇದು ಅಡಿಕೆ ಬೆಳೆದು ಉಣ್ಣುವ ನಮ್ಮಂಥವರಿಗೆ ಹೇಳಲೂ ಕೇಳಲೂ ಕಷ್ಟದ ಮಾತು. ಆದರೆ ತಪಾಸಣೆಯ ದಿನ ಹಂಚುವ ಕಾಗದದಲ್ಲಿ ‘ಚೊಗರು ಒಳ್ಳೆಯದು’ ಅಂತ ಅಚ್ಚಾದರೆ, ನಮ್ಮ ಊರಲ್ಲಿ ಅದಕ್ಕೆ ಒಂದೇ ಅರ್ಥ. ಪದ ಎಷ್ಟು ಚೆನ್ನಾಗಿದ್ದರೂ ಈ ಊರಿಗೆ, ಈ ಕೆಲಸಕ್ಕೆ ಅದು ಬೇಡ. ಹೊಡೆದು ಹಾಕಿದೆ.

‘ಒಗರಿನ ಅಂಶ’ ಅಂದರೆ ಹೇಗೆ ಅಂತಲೂ ನೋಡಿದೆ. ಪೇರಲೆ ಕುಡಿಗೆ ಇದು ಒಪ್ಪುತ್ತದೆ. ಬಾಯಿಗೆ ಹಾಕಿದರೆ ನಾಲಿಗೆ ಒರಟಾಗುತ್ತದಲ್ಲ, ಎಂಜಲಿನ ಪ್ರೋಟೀನನ್ನು ಟ್ಯಾನಿನ್ ಹಿಡಿದುಕೊಳ್ಳುವುದರಿಂದ ಹಾಗಾಗುವುದು. ಆ ಕುಡಿಯ ತಂಬುಳಿಗೆ ಮಜ್ಜಿಗೆ ಸೇರಿಸಿದಾಗ ಒಗರು ತಗ್ಗುವುದೂ ಅದಕ್ಕೇ, ನಾಲಿಗೆಯ ಬದಲು ಮಜ್ಜಿಗೆಯ ಪ್ರೋಟೀನಿಗೆ ಅದು ಅಂಟಿಕೊಳ್ಳುತ್ತದೆ. ಆದರೆ ಈರುಳ್ಳಿ? ಅದರಲ್ಲಿ ಕ್ವೆರ್ಸೆಟಿನ್ ಧಾರಾಳ, ರುಚಿ ಮಾತ್ರ ಘಾಟು. ಒಗರು ಎಂದರೆ ಯಾರೂ ಒಪ್ಪುವುದಿಲ್ಲ. ‘ಸಸ್ಯಸತ್ವ’ ಎಂದು ಒಬ್ಬರು ಸೂಚಿಸಿದರು. ನನಗೆ ಅದು ಬೇಡ ಅನ್ನಿಸುತ್ತದೆ. ಸತ್ವ ಅಂದ ಕೂಡಲೇ ಒಳ್ಳೆಯದು, ಬಲ ಕೊಡುವಂಥದ್ದು ಅಂತ ಆಗಿಬಿಡುತ್ತದೆ. ಹೆಸರಿನಲ್ಲೇ ತೀರ್ಪು ಕೊಟ್ಟ ಹಾಗೆ. ‘ಅಂಶ’ ಎನ್ನುವ ಪದ ಯಾವ ಕಡೆಗೂ ವಾಲುವುದಿಲ್ಲ. ಸದ್ಯಕ್ಕೆ ‘ಫ್ಲೇವನಾಯ್ಡ್ ಎಂಬ ಬಣ್ಣದ ಅಂಶ’ ಎಂದು ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದು ನಿಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ.

ಈಗ ಕ್ರಿಯಾಪದ. ಇಂಗ್ಲಿಷಿನ ಬರಹದಲ್ಲಿ ಎಲ್ಲೂ ‘ಉಪಯೋಗ ಇದೆ’ ಅಂತ ಖಡಾಖಂಡಿತ ಹೇಳಿಲ್ಲ. ಹೇಳುವ ಹಾಗೂ ಇಲ್ಲ. 1993ರಲ್ಲಿ ನೆದರ್ಲೆಂಡ್ಸಿನ ಜುಟ್ಫೆನ್ ಊರಿನ 805 ಗಂಡಸರ ಅಧ್ಯಯನ ಪ್ರಕಟವಾಯಿತು. ಎಲ್ಲ 65ರಿಂದ 84 ವರ್ಷದವರು. ಊಟದಲ್ಲಿ ಫ್ಲೇವನಾಯ್ಡ್ ಜಾಸ್ತಿ ಇದ್ದವರಲ್ಲಿ ಹೃದ್ರೋಗದ ಸಾವು ಕಡಿಮೆ ಕಂಡಿತು. ಅವರಿಗೆ ಅದು ಸಿಗುತ್ತಿದ್ದದ್ದು ಮುಖ್ಯವಾಗಿ ಚಹಾ, ಈರುಳ್ಳಿ, ಸೇಬಿನಿಂದ. ಆದರೆ ಹೀಗೆ ಉಂಡವರನ್ನು ನೋಡಿ ಲೆಕ್ಕ ಹಾಕುವುದೇ ಬೇರೆ, ಕೊಟ್ಟು ನೋಡುವುದೇ ಬೇರೆ. ಕ್ವೆರ್ಸೆಟಿನ್ ಕೊಟ್ಟು ನೋಡಿದ 7 ಪ್ರಯೋಗಗಳನ್ನು 2016ರಲ್ಲಿ ಒಟ್ಟು ಸೇರಿಸಿ ನೋಡಿದರು, 587 ಜನ. ಮೇಲಿನ ಬಿಪಿ ಸರಾಸರಿ 3 ಪಾಯಿಂಟಿನಷ್ಟು ಇಳಿದಿತ್ತು. ಚೆನ್ನಾಗಿ ಇಳಿದದ್ದು ದಿನಕ್ಕೆ 500 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಕೊಟ್ಟಲ್ಲಿ. ಒಂದು ಈರುಳ್ಳಿಯಲ್ಲಿ ಇರುವುದು ಕೆಲವು ಹತ್ತು ಮಿಲಿಗ್ರಾಂ. ಕೋಕೋದ ಫ್ಲೇವನಾಲ್ (ಇದೂ ಫ್ಲೇವನಾಯ್ಡ್ ಬಳಗದ್ದೇ) ಬಗ್ಗೆ ಅಮೆರಿಕದಲ್ಲಿ 21,442 ಜನರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಹೃದಯ, ರಕ್ತನಾಳದ ಕಾಯಿಲೆಯ ಸಾವು ಕಡಿಮೆಯಾಗಿತ್ತು. ಆದರೆ ಹೃದಯಾಘಾತ, ಪಾರ್ಶ್ವವಾಯು ಎಲ್ಲ ಸೇರಿಸಿದ ಮುಖ್ಯ ಲೆಕ್ಕದಲ್ಲಿ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಹೀಗೆ ಆಸೆಯೂ ಇದೆ, ಅನುಮಾನವೂ ಇದೆ. ಈ ಎರಡನ್ನೂ ಕನ್ನಡದ ಒಂದೇ ಕ್ರಿಯಾಪದ ಹೊರಬೇಕು.

‘ಸಂಭಾವ್ಯ ಪ್ರಯೋಜನ’ ಎಂದು ಪತ್ರಿಕೆಗಳಲ್ಲಿ ಬರೆಯುತ್ತಾರೆ. ದೊಡ್ಡಮ್ಮನಿಗೆ ಅದು ಪುರೋಹಿತರಿಗೆ ಕೊಡುವ ಸಂಭಾವನೆಯ ಹಾಗೆ ಕೇಳಿಸಿತು. ಅದನ್ನು ಬಿಟ್ಟು ‘ಇದರಿಂದ ಬಿಪಿ ಸ್ವಲ್ಪ ಇಳಿಯಬಹುದು’ ಎಂದು ಓದಿದೆ. ಅವರು ತಕ್ಷಣ ಕೇಳಿದರು:

“ಇಳಿಯಬಹುದು ಅಂದ್ರೆ ಮಾತ್ರೆ ಬಿಡಬಹುದಾ?”

ಎಷ್ಟು ಸಹಜವಾಗಿ ಒಂದು ‘ಬಹುದು’ ಇನ್ನೊಂದನ್ನು ಎಳೆದುಕೊಂಡು ಬಂತು ನೋಡಿ. ನಮ್ಮ ‘-ಬಹುದು’ ಎರಡು ಕೆಲಸ ಮಾಡುತ್ತದೆ. ‘ಮಳೆ ಬರಬಹುದು’ ಎಂದರೆ ಊಹೆ. ‘ಒಳಗೆ ಬರಬಹುದು’ ಎಂದರೆ ಅಪ್ಪಣೆ. ಔಷಧದ ವಿಷಯದಲ್ಲಿ ಜನ ಕೇಳಿ ರೂಢಿಯಾದದ್ದು ಎರಡನೆಯದೇ. ಮಜ್ಜಿಗೆ ಕುಡಿಯಬಹುದು, ಸ್ನಾನ ಮಾಡಬಹುದು, ಹೀಗೆ ಡಾಕ್ಟರು ಹೇಳುವುದೆಲ್ಲ ಅಪ್ಪಣೆಯ ‘ಬಹುದು’. ಹಾಗಾಗಿ ನಾನು ಊಹೆ ಎಂದು ಬರೆದದ್ದು ಅವರ ಕಿವಿಗೆ ಭರವಸೆಯಾಗಿ ತಲುಪಿತು.

ನಮ್ಮಲ್ಲಿ ಊಹೆಗಾಗಿಯೇ ಇನ್ನೊಂದು ರೂಪ ಇದೆ. ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ಅಂತ ಓದಿದ್ದೇವೆ. ಬಂದಾನು, ಬಂದಾಳು, ಬಂದೀತು. ಪುಸ್ತಕದಲ್ಲಿ ಇದು ಕಡಿಮೆಯಾಗುತ್ತಿದೆ, ಮನೆಯ ಮಾತಿನಲ್ಲಿ ಇನ್ನೂ ಜೀವಂತ. ಅಂಗಳದಲ್ಲಿ ಅಡಿಕೆ ಹರಡಿದಾಗ ಆಕಾಶ ನೋಡಿ ‘ಮಳೆ ಬಂದೀತು’ ಅಂದರೆ ಅದರಲ್ಲಿ ಅಪ್ಪಣೆಯ ಸುಳಿವೇ ಇಲ್ಲ. ಬಂದರೂ ಬಂತು, ಬರದಿದ್ದರೂ ಇಲ್ಲ, ಅಷ್ಟೇ. ಹಾಗಾದರೆ ‘ಬಿಪಿ ಸ್ವಲ್ಪ ಇಳಿದೀತು’ ಎಂದು ಯಾಕೆ ಬರೆಯಬಾರದು?

ನನ್ನ ಅಳುಕು ಒಂದೇ. ಈ ರೂಪದಲ್ಲಿ ಕೆಲವು ಸಲ ಹೆದರಿಕೆಯ ಛಾಯೆ ಇರುತ್ತದೆ. ‘ಜಾರೀತು, ನೋಡಿಕೊಂಡು ಕಾಲಿಡು’, ‘ಬಿದ್ದೀಯ ಜೋಕೆ’, ‘ಹಾಲು ಉಕ್ಕೀತು’. ಆಗಬಾರದ್ದಕ್ಕೆ ಇದನ್ನು ಜಾಸ್ತಿ ಬಳಸುತ್ತೇವೆ ಅನ್ನಿಸುತ್ತದೆ. ಬಿಪಿ ತೀರಾ ಇಳಿದುಹೋಗಿ ತಲೆ ಸುತ್ತೀತು ಎಂಬ ಎಚ್ಚರಿಕೆಯ ಹಾಗೆ ಯಾರಾದರೂ ಓದಿಯಾರೇ? ಇನ್ನೊಂದು ಕಡೆ ‘ಒಳ್ಳೆಯದಾದೀತು’, ‘ನಿನ್ನಿಂದ ನಾಲ್ಕು ಜನಕ್ಕೆ ಉಪಕಾರವಾದೀತು’ ಎಂದೂ ಹೇಳುತ್ತೇವೆ, ಅಲ್ಲಿ ಆಸೆ ಇದೆ. ಹಾಗಾಗಿ ಛಾಯೆ ಪ್ರತ್ಯಯದ್ದಲ್ಲ, ಜೊತೆಗಿರುವ ಮಾತಿನದ್ದು ಎಂದು ನನ್ನ ಈಗಿನ ಅಭಿಪ್ರಾಯ.

ಮೊನ್ನೆ ಸಾಲು ಬದಲಿಸಿ ಮತ್ತೆ ಓದಿದೆ: ‘ಈರುಳ್ಳಿ, ಹಣ್ಣು, ಸೊಪ್ಪು ದಿನದ ಊಟದಲ್ಲಿ ಇರಲಿ. ಅವುಗಳಲ್ಲಿರುವ ಫ್ಲೇವನಾಯ್ಡ್ ಎಂಬ ಬಣ್ಣದ ಅಂಶದಿಂದ ಹೃದಯಕ್ಕೆ ಸ್ವಲ್ಪ ಅನುಕೂಲವಾದೀತು. ಬಿಪಿ ಮಾತ್ರೆ ಬಿಡಬೇಡಿ. ಕ್ವೆರ್ಸೆಟಿನ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ತಗೊಳ್ಳಬೇಡಿ.’ ದೊಡ್ಡಮ್ಮ “ಆದ್ರೆ ಆತು, ಇಲ್ಲದಿದ್ರೆ ಇಲ್ಲ ಅಂತ ತಾನೆ? ಸರಿ” ಅಂದು ಮೊರ ಎತ್ತಿಕೊಂಡು ಒಳಗೆ ಹೋದರು.

ಅವರೊಬ್ಬರ ಕಿವಿ ನಂಬಿ ಅಚ್ಚಿಗೆ ಕೊಡಲು ಧೈರ್ಯ ಸಾಲದು. ಧಾರವಾಡದ ಕಡೆಯವರು, ಮೈಸೂರಿನ ಕಡೆಯವರು ಹೇಳಬೇಕು: ‘ಅನುಕೂಲವಾದೀತು’ ಎಂದು ಓದಿದರೆ ನಿಮ್ಮ ಮನೆಯ ಹಿರಿಯರಿಗೆ ಏನು ಅರ್ಥವಾಗುತ್ತದೆ? ಸುಮ್ನೆ ಒಮ್ಮೆ ಅವರಿಗೆ ಓದಿ ಹೇಳಿ, ಅವರು ಏನಂದರು ಅಂತ ಹಾಗೇ ಬರೆಯಿರಿ. ‘ಚೊಗರು’ ನಿಮ್ಮ ಕಡೆ ಬಳಕೆಯಲ್ಲಿದೆಯೇ, ಇದ್ದರೆ ಯಾವುದಕ್ಕೆ ಹೇಳುತ್ತೀರಿ ಎನ್ನುವುದೂ ಬೇಕು. ಮುಂದಿನ ಸೋಮವಾರ ಕರಪತ್ರ ಅಚ್ಚಿಗೆ ಹೋಗುತ್ತದೆ, ಭಾನುವಾರ ಸಂಜೆಯೊಳಗೆ ಬಂದರೆ ಸೇರಿಸಿಕೊಳ್ಳುತ್ತೇನೆ.